ಓಣಿ ಮಕ್ಕಳ ತಮಟೆಗೆ ಪ್ರತಿಷ್ಠಾನದ ದುಡ್ಡು: ತಗೊಳ್ಳೋದಾ, ಬೇಡ್ವಾ?

ತಮಟೆ ಹುಡುಗ (ಮೊದಲ ಪೋಸ್ಟ್)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೈಬೇಡಿ.

ಬೆಂಗಳೂರಿನ ಲಿಂಗರಾಜಪುರದ ಒಂದು ಓಣಿಯಲ್ಲಿ ನಾವು ಮೂರು ಜನ ಸೇರಿ ಮಕ್ಕಳಿಗೆ ತಮಟೆ, ಬೀದಿ ನಾಟಕ ಹೇಳಿಕೊಡುತ್ತೇವೆ. ಒಬ್ಬ ಎಸಿ ರಿಪೇರಿ ಮಾಡುತ್ತಾನೆ, ಒಬ್ಬ ಕೊರಿಯರ್‌ನಲ್ಲಿದ್ದಾನೆ, ನನ್ನದು ಮೊಬೈಲ್ ಅಂಗಡಿ. ಸಂಜೆ ಆರೂವರೆಗೆ ಯಾರಿಗೆ ಬಿಡುವೋ ಅವರು ಹೋಗುವುದು. ಮಕ್ಕಳು 26. ಕ್ರೈಸ್ತರ ಮನೆಯವರು ಹತ್ತು ಇರಬಹುದು, ಮಿಕ್ಕವರು ಹಿಂದೂ, ಮುಸ್ಲಿಂ ಮನೆಯವರು. ಒಂದೊಂದು ಮನೆಯಲ್ಲಿ ಒಂದೊಂದು ಭಾಷೆ. ನಾಟಕ ಮಾತ್ರ ಕನ್ನಡದಲ್ಲಿ. ನಮಗೆ ಬರೆಯೋಕೆ ಬರೋದೇ ಅದು.

ಮೂರು ವರ್ಷ ಚರ್ಚ್ ಕಾಂಪೌಂಡಿನ ಹಿಂದಿನ ಖಾಲಿ ಸೈಟಿನಲ್ಲಿ ತಾಲೀಮು ನಡೆಯಿತು. ಚರ್ಮದ ತಮಟೆ ಬಾರಿಸಿದವರಿಗೆ ಗೊತ್ತಿರುತ್ತದೆ, ಬೆಂಕಿಗೆ ಹಿಡಿದು ಕಾಯಿಸದಿದ್ದರೆ ಅದು ಒದ್ದೆ ಗೋಣಿಚೀಲಕ್ಕೆ ಹೊಡೆದ ಹಾಗೆ ಸದ್ದು ಮಾಡುತ್ತದೆ. ಮಳೆಗಾಲದಲ್ಲಂತೂ ಮತ್ತೆ ಮತ್ತೆ ಕಾಯಿಸಬೇಕು. ನನ್ನ ಅಂಗಡಿಗೆ ಬರುವ ರಟ್ಟಿನ ಡಬ್ಬಗಳೆಲ್ಲ ಅಲ್ಲಿಗೇ ಹೋಗುತ್ತಿದ್ದವು. ಈಗ ಸೈಟಿನವರು ಮನೆ ಕಟ್ಟಲು ಪಾಯ ತೆಗೆದಿದ್ದಾರೆ. ಓಣಿಯಲ್ಲೇ ಬಾರಿಸಿದರೆ ಹೊಗೆ ಅಂತ ಒಬ್ಬರು, ಸದ್ದು ಅಂತ ಇನ್ನೊಬ್ಬರು.

ಇಂಥ ಹೊತ್ತಲ್ಲಿ ಚರ್ಚಿನ ಫಾದರ್ ಒಂದು ಕ್ಯಾಥೊಲಿಕ್ ಪ್ರತಿಷ್ಠಾನದ ವಿಷಯ ಹೇಳಿದರು. ಯುವಕರಿಗೆ, ಕಲೆಗೆ, ಬಡಾವಣೆಗಳ ಸಾಂಸ್ಕೃತಿಕ ಕೆಲಸಕ್ಕೆ ನೆರವು ಕೊಡುತ್ತಾರಂತೆ. ಹೆಸರು ಬೇಡ, ಇನ್ನೂ ಏನೂ ಆಗಿಲ್ಲ. ಆಫೀಸಿಗೆ ಹೋದೆ. ಮರ್ಯಾದೆಯಿಂದ ಮಾತಾಡಿಸಿದರು, ಕಾಫಿ ಕೊಟ್ಟರು, 14 ಪುಟದ ಅರ್ಜಿಯನ್ನೂ ಕೊಟ್ಟರು. ಎಲ್ಲಾ ಇಂಗ್ಲಿಷಿನಲ್ಲಿ. ಮಕ್ಕಳ ವರ್ತನೆಯಲ್ಲಿ ಏನು ಬದಲಾವಣೆ ಆಗುತ್ತದೆ ಅಂತ ಬರೆಯೋಕೆ ಒಂದು ಕಾಲಂ ಇದೆ. ನಮ್ಮ ಹುಡುಗರ ವರ್ತನೆ ಬದಲಾದರೆ ಅವರಮ್ಮಂದಿರಿಗೇ ಗಾಬರಿಯಾಗುತ್ತದೆ.

ಅವರು ಕೊಡುವುದು ಹೊಸ ವಾದ್ಯ, ಮೇಷ್ಟ್ರಿಗೆ ಗೌರವಧನ, ವರ್ಷದ ಕೊನೆಗೆ ದೊಡ್ಡ ಸಭಾಂಗಣದಲ್ಲಿ ಒಂದು ಕಾರ್ಯಕ್ರಮ. ದುಡ್ಡು ನಮ್ಮ ಕೈಗೆ ಬರುವುದಿಲ್ಲ. ಬಿಲ್ ತಂದರೆ ಅವರೇ ಕಟ್ಟುತ್ತಾರೆ. ಜಾಗದ ಬಾಡಿಗೆ ಅವರ ಯೋಜನೆಯಲ್ಲೇ ಇಲ್ಲ. ಮೂರು ತಿಂಗಳಿಗೊಮ್ಮೆ ಫೋಟೋ ಸಮೇತ ವರದಿ.

ನನ್ನ ಗೆಳೆಯರಲ್ಲಿ ಒಬ್ಬ "ಬಂದಿದ್ದನ್ನ ಯಾಕೆ ಬಿಡ್ತೀಯ" ಅಂತಾನೆ. ಇನ್ನೊಬ್ಬ "ನಾಳೆ ಓಣಿಯವರು ಏನಾದ್ರೂ ಅಂದ್ರೆ ಯಾರು ಉತ್ತರ ಕೊಡ್ತಾರೆ" ಅಂತಾನೆ. ಮೂವರಲ್ಲಿ ಕ್ಯಾಥೊಲಿಕ್ ನಾನೊಬ್ಬನೇ. ಅದಕ್ಕೇ ನನಗೆ ಜಾಸ್ತಿ ಮುಜುಗರ. ಅನುಭವ ಇರುವವರು ಹೇಳಿ.

ಸುಮ್ನೆ ಕೇಳ್ದೆ

ಒಂದೇ ಪ್ರಶ್ನೆ. ತಾಲೀಮಿಗೆ ಮುಂಚೆ ಪ್ರಾರ್ಥನೆ ಮಾಡಿಸಬೇಕು, ನಾಟಕದಲ್ಲಿ ಇಂಥದ್ದೇ ಕಥೆ ಇರಬೇಕು ಅಂತೇನಾದರೂ ಷರತ್ತು ಇದೆಯಾ? ಕೊಡುವವರು ಸುಮ್ನೆ ಕೊಡಲ್ಲ. ದೇವಸ್ಥಾನದ ಟ್ರಸ್ಟ್ ಕೊಟ್ಟಿದ್ದರೂ ಇದನ್ನೇ ಕೇಳುತ್ತಿದ್ದೆ, ತಪ್ಪು ತಿಳೀಬೇಡಿ.

ತಮಟೆ ಹುಡುಗ

ತಪ್ಪೇನಿಲ್ಲ ಅಣ್ಣ, ನಾನೂ ಅದನ್ನೇ ಮೊದಲು ಹುಡುಕಿದ್ದು. ಹಾಗೇನೂ ಇಲ್ಲ. ಜಾತಿ, ಮತ ನೋಡದೆ ಮಕ್ಕಳನ್ನು ಸೇರಿಸಿಕೊಳ್ಳಬೇಕು ಅಂತ ಅವರೇ ಬರೆದಿದ್ದಾರೆ. ಬ್ಯಾನರಿನಲ್ಲಿ ಅವರ ಲಾಂಛನ ಇರಬೇಕು. ಆ ಲಾಂಛನದಲ್ಲಿ ಶಿಲುಬೆ ಇದೆ.

ಮೂರನೇ ಕ್ರಾಸ್ ಅಕ್ಕ

ನನ್ನ ಮಗ ನಿಮ್ಮ ಹತ್ತಿರಾನೇ ಬರುತ್ತಾನೆ ತಮ್ಮ, ಯಾರು ಅಂತ ಹೇಳಲ್ಲ, ಹೇಳಿದರೆ ಅವನು ಮನೆಯಲ್ಲಿ ಜಗಳ ತೆಗೆಯುತ್ತಾನೆ. ನಾವು ಹಿಂದೂಗಳು. ಸೆಪ್ಟೆಂಬರ್ 8ಕ್ಕೆ ಶಿವಾಜಿನಗರದ ಆರೋಗ್ಯಮಾತೆ ತೇರಿಗೆ ಪ್ರತಿ ವರ್ಷ ಹೋಗುತ್ತೇವೆ. ಆ ಜಾತ್ರೆ ನೋಡಿದವರು ಯಾರೂ ಶಿಲುಬೆ ಕಂಡು ಹೆದರಲ್ಲ. ಕಾವಿ ಸೀರೆ ಉಟ್ಟು ಬರುವವರಲ್ಲಿ ಅರ್ಧಕ್ಕರ್ಧ ನಮ್ಮಂಥವರೇ ಇರುತ್ತಾರೆ.

ಆದರೆ ಒಂದು ಮಾತು. ಬ್ಯಾನರ್ ಏರುವ ದಿನ ನಮಗೆ ಗೊತ್ತಾಗುವುದು ಬೇಡ, ಮುಂಚೆಯೇ ಹೇಳಿ. ಅಪ್ಪ ಅಮ್ಮಂದಿರನ್ನು ಒಂದು ಭಾನುವಾರ ಕೂರಿಸಿಕೊಂಡು, ಯಾರ ದುಡ್ಡು, ಯಾತಕ್ಕೆ, ಎಷ್ಟು ದಿನ ಅಂತ ಬಿಡಿಸಿ ಹೇಳಿ. ಟೀ ನಾನು ಮಾಡಿಕೊಡುತ್ತೇನೆ. ಮೂರನೆಯವರ ಬಾಯಿಂದ ಕೇಳಿದಾಗಲೇ ಜನಕ್ಕೆ ಅನುಮಾನ ಬರೋದು.

ಇನ್ನೊಂದು. ಏಳೂವರೆಗೆ ಬಿಡುತ್ತೇವೆ ಅಂದು ಎಂಟೂ ಕಾಲಿಗೆ ಬಿಡುತ್ತೀರಿ. ಅದನ್ನೂ ಅರ್ಜಿಯಲ್ಲಿ ಬರೆಯಿರಿ.

ಲೆಕ್ಕದವನು

ನಾನು ಆಡಿಟರ್ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ಇಂಥ ಟ್ರಸ್ಟ್‌ಗಳ ಫೈಲು ದಿನಾ ನೋಡುತ್ತೇನೆ. ಹುಡುಗ ಹೇಳಿದ ಒಂದು ವಿಷಯ ಅವಮಾನ ಅಲ್ಲ, ಕಾನೂನು ಇರಬಹುದು. "ನಮ್ಮ ಕೈಗೆ ದುಡ್ಡು ಕೊಡಲ್ಲ" ಅನ್ನುವುದು.

ಹೊರದೇಶದಿಂದ ಬರುವ ದೇಣಿಗೆಗೆ ಎಫ್‌ಸಿಆರ್‌ಎ ಅಂತ 2010ರ ಕಾಯ್ದೆ ಇದೆ. ಹಿಂದೆ ದೊಡ್ಡ ಸಂಸ್ಥೆ ದುಡ್ಡು ತಂದು, ಅದೇ ಕಾಯ್ದೆಯಲ್ಲಿ ನೋಂದಣಿ ಇರುವ ಸಣ್ಣ ಸಂಸ್ಥೆಗಳಿಗೆ ಹಂಚಬಹುದಿತ್ತು. 2020ರ ತಿದ್ದುಪಡಿ ಬಂದ ಮೇಲೆ ಅದೂ ಇಲ್ಲ. ತಂದವರೇ ಖರ್ಚು ಮಾಡಬೇಕು. ದುಡ್ಡು ಮೊದಲು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಆಫೀಸಿನ ಆಡಳಿತ ಖರ್ಚಿಗೆ ಮುಂಚೆ ನೂರಕ್ಕೆ 50ರವರೆಗೆ ಬಿಡುತ್ತಿದ್ದರು, ಈಗ 20 ಮಾತ್ರ. ನಿಮ್ಮ ಪ್ರತಿಷ್ಠಾನಕ್ಕೆ ಹೊರಗಿನ ದುಡ್ಡು ಬರುತ್ತಿದ್ದರೆ, ಬಿಲ್ ತಂದರೆ ನಾವೇ ಕಟ್ಟುತ್ತೇವೆ ಅನ್ನದೆ ಅವರಿಗೆ ಬೇರೆ ದಾರಿ ಇಲ್ಲ.

ಇಲ್ಲಿನ ದಾನಿಗಳ ದುಡ್ಡಾದರೆ ಸ್ವಲ್ಪ ಸಲೀಸು. ಆದರೂ ಆದಾಯ ತೆರಿಗೆ ವಿನಾಯಿತಿ ಉಳಿಯಬೇಕಾದರೆ ಬಂದಿದ್ದರಲ್ಲಿ ನೂರಕ್ಕೆ 85 ಭಾಗ ಉದ್ದೇಶಿಸಿದ ಕೆಲಸಕ್ಕೇ ಹೋಗಿದೆ ಅಂತ ತೋರಿಸಬೇಕು. ನೀವು ಮೂರು ಜನ ಗೆಳೆಯರು. ಸಂಘವೂ ಅಲ್ಲ, ಟ್ರಸ್ಟೂ ಅಲ್ಲ. ನಿಮ್ಮ ಹೆಸರಿಗೆ ಚೆಕ್ ಬರೆದರೆ ಅವರ ಆಡಿಟರ್ ಏನನ್ನಬೇಕು? ಸಂಘ ಮಾಡಬೇಕೆಂದರೆ ಕರ್ನಾಟಕದ 1960ರ ಸಂಘಗಳ ನೋಂದಣಿ ಕಾಯ್ದೆಯ ಪ್ರಕಾರ ಏಳು ಜನ ಬೇಕು. ಈಗಲೇ ಅದಕ್ಕೆ ಕೈ ಹಾಕಬೇಡಿ. ವರ್ಷ ವರ್ಷ ಪಟ್ಟಿ ಸಲ್ಲಿಸುವುದು ಮರೆತು ಒದ್ದಾಡುವವರನ್ನು ದಿನಾ ನೋಡುತ್ತೇನೆ.

ಬೇಕರಿ ಬಿಲ್ ಮಾತ್ರ ಮೊದಲ ದಿನದಿಂದಲೇ ಎತ್ತಿಡಿ. ಬನ್ನು ಟೀಗೆ ಬಿಲ್ ಕೊಡಿ ಅಂದರೆ ಅಂಗಡಿಯವನು ನಗುತ್ತಾನೆ. ನಗಲಿ, ಬಿಡಿ.

ಬ್ಯಾಂಡ್ ಮಾಸ್ಟರ್ ಮಗ

ನಮ್ಮ ಕಥೆ ಕೇಳಿ. ನಮ್ಮಪ್ಪ ಮದುವೆ, ಸಾವು, ತೇರು ಎಲ್ಲಕ್ಕೂ ಬ್ಯಾಂಡ್ ಬಾರಿಸುತ್ತಿದ್ದರು. ಕೆಲವು ವರ್ಷದ ಹಿಂದೆ ಒಂದು ಸಂಸ್ಥೆಯವರು, ಹೆಸರು ಬೇಡ, ನಮ್ಮ ಬಡಾವಣೆ ಹುಡುಗರಿಗೆ ಬ್ಯಾಂಡ್ ಕಲಿಸಿ ಅಂತ ಎಂಟು ಟ್ರಂಪೆಟ್, ಎರಡು ಸೈಡ್ ಡ್ರಮ್, ಒಂದು ದೊಡ್ಡ ಡ್ರಮ್ ಕೊಡಿಸಿದರು. ಅಪ್ಪ ಎರಡು ವರ್ಷ ಕಲಿಸಿದರು. ಮೊದಲ ಮೂರು ತಿಂಗಳು ಹುಡುಗರ ತುಟಿ ಊದಿಕೊಂಡು ಸಾರು ಕುಡಿಯೋಕೂ ಆಗುತ್ತಿರಲಿಲ್ಲ. ಆಮೇಲೆ ಒಂದು ಕ್ರಿಸ್‌ಮಸ್ ರಾತ್ರಿ ಗೋದಲಿ ಮುಂದೆ ನಿಂತು ಬಾರಿಸಿದರು ನೋಡಿ, ಅಪ್ಪ ಕನ್ನಡಕ ತೆಗೆದು ಒರೆಸಿಕೊಂಡರು.

ಮೂರನೇ ವರ್ಷ ಯೋಜನೆ ಮುಗಿಯಿತು. ಆಫೀಸಿನಿಂದ ಇಬ್ಬರು ಬಂದು ಎಲ್ಲಾ ಪಟ್ಟಿ ಮಾಡಿ, ಇವು ಸಂಸ್ಥೆಯ ಆಸ್ತಿ ಅಂತ ತಗೊಂಡು ಹೋದರು. ಕೇಳೋಕೆ ಹೋದಾಗ ನೋಡಿದೆ. ಕಬ್ಬಿಣದ ಬೀರುವಿನಲ್ಲಿ ಸಾಲಾಗಿ ಇಟ್ಟಿದ್ದಾರೆ, ಬೀಗ ಹಾಕಿದ್ದಾರೆ. ಹಿತ್ತಾಳೆ ಹಸಿರು ಹಿಡಿದಿತ್ತು. ಅವರು ಮೋಸ ಮಾಡಿದರು ಅನ್ನಲ್ಲ. ಕಾಗದದಲ್ಲಿ ಹಾಗೇ ಇತ್ತು, ಅಪ್ಪ ಓದಿರಲಿಲ್ಲ.

ಹಾಗಾಗಿ ವಾದ್ಯ ಯಾರದ್ದು ಅಂತ ಈಗಲೇ ಕೇಳಿ. ಯೋಜನೆ ಮುಗಿದ ಮೇಲೆ ಯಾರ ಮನೆಯಲ್ಲಿರುತ್ತದೆ ಅಂತಾನೂ ಕೇಳಿ.

ಲೆಕ್ಕದವನು

ಇದು ಮುಖ್ಯವಾದ ಮಾತು. ಅವರ ಪುಸ್ತಕದಲ್ಲಿ ಅದು ಆಸ್ತಿ ಅಂತಲೇ ಬರೆದಿರುತ್ತದೆ. ಹಾಗಿದ್ದರೂ ಮಕ್ಕಳ ಬಳಕೆಗೆ ಇಂತಿಷ್ಟು ವರ್ಷ ಕೊಟ್ಟಿದ್ದೇವೆ ಅಂತ ಒಂದು ಕಾಗದ ಬರೆದುಕೊಡಬಹುದು. ಕೇಳಿದರೆ ಕೊಡುತ್ತಾರೆ. ಯಾರೂ ಕೇಳಲ್ಲ, ಅದೇ ತೊಂದರೆ.

ಅರ್ಧ ಸೆಮಿನರಿ

ನಾನು ಪಾದ್ರಿ ಆಗಲು ಸೆಮಿನರಿಗೆ ಹೋಗಿ ನಾಲ್ಕು ವರ್ಷಕ್ಕೆ ವಾಪಸ್ ಬಂದವನು. ಒಳಗಿಂದ ಸ್ವಲ್ಪ ನೋಡಿದ್ದೇನೆ.

ಚರ್ಚಿಗೂ ಹುಡುಗರ ಆಟ, ಹಾಡು, ನಾಟಕಕ್ಕೂ ನಂಟು ಹೊಸದಲ್ಲ. ಡಾನ್ ಬೋಸ್ಕೊ ಅನ್ನುವ ಪಾದ್ರಿ ಚಿಕ್ಕವರಿದ್ದಾಗ ಹಗ್ಗದ ಮೇಲೆ ನಡೆದು, ಕಣ್ಕಟ್ಟು ತೋರಿಸಿ ಊರ ಹುಡುಗರನ್ನು ಸೇರಿಸುತ್ತಿದ್ದರು. ಆಮೇಲೆ ಇಟಲಿಯ ಟ್ಯೂರಿನ್‌ನಲ್ಲಿ ಕೆಲಸ ಹುಡುಕಿಕೊಂಡು ಬಂದ ಬೀದಿ ಹುಡುಗರಿಗೆ ಮನೆ ಮಾಡಿದಾಗ ಬ್ಯಾಂಡು, ನಾಟಕ ಎರಡೂ ಅಲ್ಲಿದ್ದವು. 1859ರಲ್ಲಿ ಅವರು ಕಟ್ಟಿದ ಸಲೇಷಿಯನ್ ಸಭೆಯ ವಿದ್ಯಾರ್ಥಿಗಳು 1980ರಲ್ಲಿ ನಮ್ಮ ಬೆಂಗಳೂರಿನ ಬೀದಿಗಿಳಿದು, ಚಿಂದಿ ಆಯುವ ಮಕ್ಕಳ ಜೊತೆ ಸಂಜೆ ಕಳೆಯತೊಡಗಿದರು. ಅದೇ ಬೆಂಗಳೂರು ಓಣಿಯವರ ಸೇವಾ ಕೂಟ. ಎಲ್ಲರೂ ಬೋಸ್ಕೊ ಅಂತಾರೆ. ಆ ಇಂಗ್ಲಿಷ್ ಅಕ್ಷರಗಳನ್ನು ಬಿಡಿಸಿದರೆ ಅಪ್ಪಟ ಕನ್ನಡ ಹೆಸರು ಸಿಗುತ್ತದೆ ಅಂತ ಎಷ್ಟೋ ಜನಕ್ಕೆ ಗೊತ್ತಿಲ್ಲ. 'ಓಣಿಯವರ' ಅನ್ನುವ ಆ ಪದ ನನಗೆ ಬಹಳ ಇಷ್ಟ.

ಲಿಂಗರಾಜಪುರದವರಿಗೆ ಇನ್ನೂ ಹತ್ತಿರದ್ದು ಹೇಳುತ್ತೇನೆ. ಹಚಿನ್ಸ್ ರಸ್ತೆಯಲ್ಲಿ ಎನ್‌ಬಿಸಿಎಲ್‌ಸಿ ಅಂತ ಬೈಬಲ್, ಧರ್ಮಬೋಧನೆ, ಪೂಜಾವಿಧಿಗೆ ಕ್ಯಾಥೊಲಿಕರ ಒಂದು ರಾಷ್ಟ್ರೀಯ ಕೇಂದ್ರ ಇದೆ. 1967ರಲ್ಲಿ ಫಾದರ್ ಅಮಲೋರ್ಪವದಾಸ್ ಶುರು ಮಾಡಿದ್ದು. ಅಲ್ಲಿನ ಪ್ರಾರ್ಥನಾ ಮಂದಿರವನ್ನು ನಮ್ಮ ದೇಶದ ಗುಡಿಗಳ ಶೈಲಿಯಲ್ಲಿ ಕಟ್ಟಿದ್ದಾರೆ. ಅದರ ಕಲಾಕೆಲಸದಲ್ಲಿ ಕಲಾವಿದ ಜ್ಯೋತಿ ಸಾಹಿಯವರ ಕೈ ಇದೆ. ಹೆಸರಘಟ್ಟ ಕಡೆ ಸಿಲ್ವೆಪುರದಲ್ಲಿ ಕಲಾ ಆಶ್ರಮ ಕಟ್ಟಿದವರು ಅವರೇ. ತಿರುಚ್ಚಿಯಲ್ಲಿ 1977ರಲ್ಲಿ ಒಬ್ಬ ಪಾದ್ರಿ ಶುರು ಮಾಡಿದ ಕಲೈ ಕಾವೇರಿಯಲ್ಲಿ ಭರತನಾಟ್ಯದ ಪದವಿಯನ್ನೇ ಕೊಡುತ್ತಾರೆ. ಅಂದಮೇಲೆ ತಮಟೆ ಅವರಿಗೆ ಅಪರಿಚಿತ ಏನಲ್ಲ.

ಅಡಚಣೆ ಇರುವುದು ಬೇರೆ ಕಡೆ. ಅಲ್ಲಿ ಕೂತವರು ಒಳ್ಳೆಯವರು. ಮೂರು ವರ್ಷಕ್ಕೆ, ಐದು ವರ್ಷಕ್ಕೆ ಅವರಿಗೆ ವರ್ಗ ಆಗುತ್ತದೆ. ನಿಮ್ಮನ್ನು ಇಷ್ಟಪಟ್ಟು ಕರೆದ ಫಾದರ್ ಜೂನ್‌ನಲ್ಲಿ ಇನ್ನೊಂದು ಧರ್ಮಕೇಂದ್ರಕ್ಕೆ ಹೋದರೆ, ಹೊಸಬರಿಗೆ ನೀವು ಚರ್ಚ್ ಹಿಂದೆ ಹೊಗೆ ಹಾಕುವ ಹುಡುಗರು ಅಷ್ಟೇ. ಏನೇ ಒಪ್ಪಿದರೂ ಬಾಯಿಮಾತಲ್ಲಿ ಬಿಡಬೇಡಿ.

ಚಿಕ್ಕಪೇಟೆ ಚೀಟಿ

ಕನ್ನಡಕ್ಕೆ ನಿಮ್ಮವರ ಸೇವೆ ದೊಡ್ಡದು ಗುರು. ಕಿಟ್ಟೆಲ್ ಪಾದ್ರಿ ಒಬ್ಬರೇ ಸಾಕಲ್ವಾ.

ಅರ್ಧ ಸೆಮಿನರಿ

ಕಿಟ್ಟೆಲ್ ನಮ್ಮವರಲ್ಲ ಅಣ್ಣ, ಬಾಸೆಲ್ ಮಿಷನ್‌ನವರು, ಪ್ರಾಟೆಸ್ಟೆಂಟ್. 1894ರ ನಿಘಂಟು ಅವರದು. ನಮ್ಮ ಕಡೆಯವರು ಬೇಕೆಂದರೆ 1640ರ ದಶಕದ ಕೊನೆಯಲ್ಲಿ ಶ್ರೀರಂಗಪಟ್ಟಣದಲ್ಲಿದ್ದ ಜೆಸ್ವಿಟ್ ಪಾದ್ರಿ ಚಿನ್ನಾಮಿ ಇದ್ದಾರೆ, ಅವರೂ ಕನ್ನಡ ಕಲಿತು ಬರೆದವರು. ಈ ಕಾಲದವರು ಬೇಕೆಂದರೆ ಸಾಗರದ ನಾ. ಡಿಸೋಜ. 2014ರಲ್ಲಿ ಮಡಿಕೇರಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದರು.

ಚಿಕ್ಕಪೇಟೆ ಚೀಟಿ

ಸರಿ ಸರಿ, ಮೇಯೋ ಹಾಲ್ ಹತ್ತಿರದ ಕಿಟ್ಟೆಲ್ ಪ್ರತಿಮೆ ನೋಡಿ ಎಲ್ಲರನ್ನೂ ಒಂದೇ ಬುಟ್ಟಿಗೆ ಹಾಕಿಬಿಟ್ಟೆ.

ಕುಡ್ಲದವಳು

ಮಂಗಳೂರಿನಲ್ಲಿ ಬಜ್ಜೋಡಿಯ ಸಂದೇಶ ಪ್ರತಿಷ್ಠಾನ ಉಂಟು ಮಾರಾಯ್ರೇ. ಕರ್ನಾಟಕದ ಬಿಷಪರೆಲ್ಲ ಸೇರಿ ಕಟ್ಟಿದ್ದು. ಸಂಸ್ಕೃತಿ ಮತ್ತು ಶಿಕ್ಷಣಕ್ಕೆ ಅಂತಲೇ ಹೆಸರಲ್ಲೇ ಉಂಟು. ವರ್ಷಕ್ಕೊಮ್ಮೆ ಕನ್ನಡ, ಕೊಂಕಣಿ, ತುಳು ಸಾಹಿತ್ಯ, ಪತ್ರಿಕೋದ್ಯಮ, ಕಲೆ ಅಂತ ಪ್ರಶಸ್ತಿ ಕೊಡ್ತಾರೆ. ತಗೊಂಡವರ ಪಟ್ಟಿ ನೋಡಿ, ಎಲ್ಲಾ ಧರ್ಮದವರೂ ಇದ್ದಾರೆ. ಪ್ರಶಸ್ತಿ ಸುದ್ದಿ ಪೇಪರಿನಲ್ಲಿ ಬರುತ್ತದೆ. ಅದಕ್ಕಿಂತ ನನಗೆ ದೊಡ್ಡದು ಅಂತ ಕಾಣೋದು, ಅಲ್ಲಿ ಸಂಗೀತ, ನೃತ್ಯ, ಚಿತ್ರದ ಕ್ಲಾಸು ನಡೆಯೋದು. ಕಟ್ಟಡ ಇದ್ದರೆ ಆ ಸುಖ. ಬಾಗಿಲು ಉಂಟು, ಚಪ್ಪಲಿ ಬಿಡಲು ಮೆಟ್ಟಿಲು ಉಂಟು, ಮಳೆ ಬಂದರೆ ಮಕ್ಕಳು ಒಳಗೆ.

ನಿಮಗೆ ಬೇಕಾದದ್ದೂ ಅದೇ ಅಲ್ವಾ?

ಹಾರೋಬೆಲೆ ಮೊಮ್ಮಗ

ನಾನು ಉಲ್ಟಾ ಹೇಳುತ್ತೇನೆ. ನಮ್ಮ ಅಜ್ಜನ ಊರು ಕನಕಪುರ ತಾಲ್ಲೂಕಿನ ಹಾರೋಬೆಲೆ. ಊರಿಗೆ ಊರೇ ಕ್ಯಾಥೊಲಿಕರು, ಮನೆಮಾತು ಕನ್ನಡ. ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲ ಬಂತೆಂದರೆ ಯೇಸುಸ್ವಾಮಿಯ ಪಾಡಿನ ನಾಟಕದ ತಾಲೀಮು. ಹಗಲು ರೇಷ್ಮೆ ಹುಳಕ್ಕೆ ಸೊಪ್ಪು ಹಾಕಿದವನು ರಾತ್ರಿ ರೋಮನ್ ಸಿಪಾಯಿ. ನಮ್ಮ ಮಾವ ಒಬ್ಬರು ವರ್ಷಗಟ್ಟಲೆ ಯೇಸುವಿಗೆ ದ್ರೋಹ ಮಾಡಿದ ಯೂದನ ಪಾತ್ರ ಮಾಡಿ, ಊರ ಮಕ್ಕಳೆಲ್ಲ ಅವರನ್ನು ಕಂಡರೆ ಓಡುತ್ತಿದ್ದರು. ಯಾವ ಪ್ರತಿಷ್ಠಾನ? ಯಾವ 14 ಪುಟ? ಮನೆಮನೆಗೆ ಹೋಗಿ ಕೈಲಾದಷ್ಟು ಎತ್ತಿದರು, ಪರದೆ ಕಟ್ಟಿದರು, ಆಡಿದರು.

ದುಡ್ಡು ಬಂದ ಮೇಲೆ ಊರಿನವರು ನೋಡುವವರಾಗುತ್ತಾರೆ. ಬೇಡ ತಮ್ಮ. ನಿಮ್ಮ ಓಣಿಯಲ್ಲೇ ಮನೆಗೆ ಐವತ್ತು ರೂಪಾಯಿ ಎತ್ತಿ.

ಪರದೆ ಹಿಂದಿನವಳು

ಹಾರೋಬೆಲೆಯಲ್ಲಿ ಬೆಟ್ಟ ಇದೆ ಸ್ವಾಮಿ, ಬಯಲಿದೆ. ಲಿಂಗರಾಜಪುರದಲ್ಲಿ ಒಂದು ಬೈಕ್ ನಿಲ್ಲಿಸೋಕೆ ಜಾಗ ತೋರಿಸಿ ನೋಡೋಣ.

ನಾನು ಇಪ್ಪತ್ತು ವರ್ಷದಿಂದ ನಾಟಕದ ಬೆಳಕು, ಬಟ್ಟೆ ಕೆಲಸ ಮಾಡುತ್ತಿದ್ದೇನೆ. ಬೆಂಗಳೂರಲ್ಲಿ ಆಡೋ ಜಾಗಕ್ಕೆ ಅಷ್ಟೇನೂ ಬರ ಇಲ್ಲ. 1963ರಿಂದ ರವೀಂದ್ರ ಕಲಾಕ್ಷೇತ್ರ ಇದೆ, 2004ರಿಂದ ರಂಗಶಂಕರ ಇದೆ, ಹನುಮಂತನಗರದಲ್ಲಿ ಕೆ.ಎಚ್. ಕಲಾಸೌಧ, ಮಲ್ಲತ್ತಹಳ್ಳಿಯಲ್ಲಿ ಕಲಾಗ್ರಾಮ. ಚರ್ಚ್ ಕಡೆಯವರದ್ದೇ ಬೇಕೆಂದರೆ ಒಳ್ಳೆ ಒಳ್ಳೆ ಶಾಲೆ ಸಭಾಂಗಣಗಳಿವೆ. ಸೇಂಟ್ ಮಾರ್ಕ್ಸ್ ರಸ್ತೆ ಹತ್ತಿರದ ಆಶೀರ್ವಾದ ಕೇಂದ್ರದಲ್ಲಿ ಎಷ್ಟು ಸಭೆ, ಎಷ್ಟು ಕಾರ್ಯಕ್ರಮ ನಡೆದಿಲ್ಲ! ಇಲ್ಲದ್ದು ತಾಲೀಮಿನ ಜಾಗ. ನಾಟಕ ಒಂದು ಸಂಜೆ, ತಾಲೀಮು ನೂರು ಸಂಜೆ. ಎಲ್ಲ ದಾನಿಗಳೂ ಆ ಒಂದು ಸಂಜೆಗೆ ದುಡ್ಡು ಕೊಡುತ್ತಾರೆ, ಯಾಕಂದ್ರೆ ಫೋಟೋ ಬರುವುದು ಅವತ್ತು.

ಅವರು ಹೇಳಿದ ವರ್ಷಾಂತ್ಯದ ಕಾರ್ಯಕ್ರಮಕ್ಕೆ ಏನೇನು ಬೇಕು ಲೆಕ್ಕ ಹಾಕಿ. ಸಭಾಂಗಣದ ಬಾಡಿಗೆ, ಲೈಟು, ಮೈಕು, 26 ಮಕ್ಕಳಿಗೆ ಒಂದೇ ಬಣ್ಣದ ಜುಬ್ಬಾ, ಅತಿಥಿಗಳಿಗೆ ಶಾಲು, ಹಣ್ಣಿನ ಬುಟ್ಟಿ, ಸ್ಮರಣಿಕೆ. ಭಾಷಣ ಒಂದೂವರೆ ಗಂಟೆ, ಮಕ್ಕಳ ತಮಟೆ ಹನ್ನೆರಡು ನಿಮಿಷ. ನಾನು ಎಷ್ಟೋ ಸಲ ವಿಂಗ್‌ನಲ್ಲಿ ನಿಂತು ನೋಡಿದ್ದೇನೆ. ಜುಬ್ಬಾ ಹಾಕಿಕೊಂಡ ಮಗು ನಿದ್ದೆ ಹೋಗಿರುತ್ತದೆ, ಎಬ್ಬಿಸಿ ಕಳಿಸಬೇಕು.

ಹೋಗಿ ನೇರವಾಗಿ ಹೇಳಿ. ನಮಗೆ ಕಾರ್ಯಕ್ರಮ ಬೇಡ, ವಾದ್ಯವೂ ಸದ್ಯಕ್ಕೆ ಬೇಡ. ನಿಮ್ಮ ಶಾಲೆಗಳ ಕೋಣೆಗಳು ಸಂಜೆ ನಾಲ್ಕರ ಮೇಲೆ ಖಾಲಿ ಬಿದ್ದಿರುತ್ತವೆ, ಒಂದರ ಬೀಗದ ಕೈ ಕೊಡಿ. ದುಡ್ಡಿಲ್ಲದೆ ಕೊಡಬಹುದಾದ ವಸ್ತು ಅದು. ಅದನ್ನು ಕೊಡೋದೇ ಅವರಿಗೆ ಬಲು ಕಷ್ಟ ಅಂತಾನೂ ಗೊತ್ತು. ನೋಡೋಣ, ಕೇಳಿ.

ಹಾರೋಬೆಲೆ ಮೊಮ್ಮಗ

ಬೈಕ್ ಮಾತು ಒಪ್ಪಿದೆ. ಐವತ್ತು ರೂಪಾಯಿ ಮಾತು ಮಾತ್ರ ಬಿಡಲ್ಲ.

ಶಾಲೆ ಮೇಷ್ಟ್ರು

ಒಂದು ಎಚ್ಚರಿಕೆ. ಕೋಣೆ ಕೊಟ್ಟರೆ ಮಕ್ಕಳ ಸುರಕ್ಷತೆಯ ನಿಯಮವೂ ಜೊತೆಗೆ ಬರುತ್ತದೆ, ಬರಲೇಬೇಕು. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ 2012ರ ಪೋಕ್ಸೋ ಕಾಯ್ದೆ ಬಂದ ಮೇಲೆ ಶಾಲೆಗಳು ಬಹಳ ಬಿಗಿ ಮಾಡಿವೆ. ದೊಡ್ಡವರು ಯಾವಾಗಲೂ ಇಬ್ಬರಿರಬೇಕು, "ಯಾರಿಗೆ ಬಿಡುವೋ ಅವರು" ಅಂದರೆ ಆಗುವುದಿಲ್ಲ. ಬಾಗಿಲು ತೆರೆದಿರಬೇಕು. ನಿಮ್ಮ ಮೂವರ ಪೊಲೀಸ್ ಪರಿಶೀಲನೆ ಕೇಳಬಹುದು, ಬೇಜಾರು ಮಾಡಿಕೊಳ್ಳಬೇಡಿ. ಆ ಫೋಟೋ ವರದಿ ಇದೆಯಲ್ಲ, ಅದಕ್ಕೆ ಪೋಷಕರ ಸಹಿ ತಗೊಳ್ಳಿ. ಮಕ್ಕಳ ಹೆಸರು, ಮುಖ, "ಕೊಳೆಗೇರಿಯ ಬಡ ಮಗು" ಅನ್ನುವ ಅಡಿಬರಹ ಮೂರೂ ಒಂದೇ ಪುಟದಲ್ಲಿ ಬಂದರೆ ಆ ಮಗು ದೊಡ್ಡದಾದ ಮೇಲೆ ನಿಮ್ಮನ್ನು ಕ್ಷಮಿಸಲ್ಲ.

ವರದಿ ಇಂಗ್ಲಿಷಿನಲ್ಲೇ ಇರಬೇಕಾ? ಕನ್ನಡದಲ್ಲಿ ಕೊಡುತ್ತೇವೆ ಅನ್ನಿ.

ಸುಮ್ನೆ ಕೇಳ್ದೆ

ಅಲ್ಲಿ ಕನ್ನಡ ನಡೆಯುತ್ತಾ? ಬೆಂಗಳೂರು ಚರ್ಚುಗಳಲ್ಲಿ ಕನ್ನಡದ ಜಗಳ ಎಷ್ಟು ಹಳೆಯದು ಗೊತ್ತಲ್ಲ.

ಅರ್ಧ ಸೆಮಿನರಿ

ಆ ಜಗಳ ಇಲ್ಲಿ ಬೇಡ, ರಾತ್ರಿ ಬೆಳಗಾಗುತ್ತದೆ. ಆದರೂ ಒಂದು ಹೇಳುತ್ತೇನೆ. ಚರ್ಚಿನ ಬಲಿಪೂಜೆಯಲ್ಲೇ ಜನರ ಭಾಷೆ ಬಳಸಬಹುದು ಅಂತ ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲೇ ಒಪ್ಪಿದೆ. ತಮಟೆ ವರದಿ ಕನ್ನಡದಲ್ಲಿ ಆಗಲ್ಲ ಅಂದರೆ ಹೇಗೆ? ಹುಡುಗ, ಇದನ್ನು ಆಫೀಸಿನಲ್ಲಿ ನಗುತ್ತಾ ಹೇಳು. ನಗದೆ ಹೇಳಬೇಡ.

ತಮಟೆ ಹುಡುಗ

ಇಷ್ಟು ಜನ ಬರೆಯುತ್ತೀರಿ ಅಂದುಕೊಂಡಿರಲಿಲ್ಲ. ಎಲ್ಲಾ ಓದಿದೆ, ಗೆಳೆಯರಿಗೂ ಓದಿಸಿದೆ. ಭಾನುವಾರ ಪೋಷಕರ ಸಭೆ. ಅಕ್ಕ, ನೀವು ಯಾರು ಅಂತ ಗೊತ್ತಾಯಿತು, ಎಂಟೂ ಕಾಲಿನ ವಿಷಯ ನಮ್ಮ ಓಣಿಯಲ್ಲಿ ಎತ್ತೋರು ನೀವೊಬ್ಬರೇ. ಮಗನಿಗೆ ಹೇಳಲ್ಲ.

ತಮಟೆ ಹುಡುಗ (ಹದಿನೆಂಟು ದಿನದ ನಂತರ)

ಏನಾಯಿತು ಅಂತ ಹೇಳಬೇಕಲ್ಲ.

ಸಭೆಗೆ ಹತ್ತೊಂಬತ್ತು ಮನೆಯವರು ಬಂದರು. ಒಬ್ಬ ತಂದೆ ಸುಮ್ನೆ ಕೇಳ್ದೆ ಅಣ್ಣನ ಪ್ರಶ್ನೆಯನ್ನೇ ಇನ್ನೂ ಖಾರವಾಗಿ ಕೇಳಿದರು. ಅರ್ಜಿಯನ್ನು ಅವರ ಕೈಗೇ ಕೊಟ್ಟೆವು. ಅವರ ಮಗಳು ಕಾಲೇಜು ಹುಡುಗಿ, ಪೂರ್ತಿ ಓದಿ ಕನ್ನಡದಲ್ಲಿ ಹೇಳಿದಳು. ವರ್ತನೆಯ ಬದಲಾವಣೆ ಕಾಲಂ ಬಂದಾಗ ಎಲ್ಲರೂ ನಕ್ಕರು, ಅಲ್ಲಿಗೆ ಬಿಗಿ ಸಡಿಲಾಯಿತು. ಇಬ್ಬರು ಮಾತ್ರ ಮಕ್ಕಳನ್ನು ಕಳಿಸಲ್ಲ ಅಂದರು. ಒತ್ತಾಯ ಮಾಡಲಿಲ್ಲ. ಮನೆಗೆ ಐವತ್ತು ಎತ್ತುವ ಮಾತೂ ಬಂತು, ಮೂವತ್ತಕ್ಕೆ ಇಳಿಯಿತು. ಬನ್ನು ಟೀಗೆ ಅದು.

ಆಫೀಸಿಗೆ ಮೂವರೂ ಹೋದೆವು. ಕಾರ್ಯಕ್ರಮ ಬೇಡ, ಕೋಣೆ ಬೇಕು ಅಂದೆವು. ಅಲ್ಲಿನ ಸಿಸ್ಟರ್ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗೆ ಕೇಳಿದವರು ಇಲ್ಲ, ನಮ್ಮ ಫಾರಂನಲ್ಲಿ ಅದಕ್ಕೆ ಕಾಲಂ ಇಲ್ಲ" ಅಂದರು. ಅಲ್ಲಿಗೆ ಮುಗಿಯಿತು ಅಂದುಕೊಂಡು ಬಂದೆವು. ನಾಲ್ಕು ದಿನ ಬಿಟ್ಟು ಅವರೇ ಫೋನ್ ಮಾಡಿದರು. ಹತ್ತಿರದ ಒಂದು ಶಾಲೆಯಲ್ಲಿ ಹೊಲಿಗೆ ಕ್ಲಾಸು ನಿಂತುಹೋಗಿ ಒಂದು ಕೋಣೆ ಖಾಲಿ ಇದೆಯಂತೆ. ಸೋಮ, ಬುಧ, ಶುಕ್ರ, ಸಂಜೆ ಆರರಿಂದ ಏಳೂವರೆ. ದೊಡ್ಡವರು ಇಬ್ಬರಿರಲೇಬೇಕು, ಮೇಷ್ಟ್ರು ಹೇಳಿದ ಹಾಗೇ. ಒಂದು ವರ್ಷಕ್ಕೆ ಕಾಗದ ಕೊಟ್ಟಿದ್ದಾರೆ. ವರ್ಷದ ಮೇಲೆ ಏನು ಅಂತ ಕೇಳಿದೆ, ಆಗ ನೋಡೋಣ ಅಂದರು. ವರದಿ ಕನ್ನಡದಲ್ಲಿ ಬರೆಯಿರಿ, ನಾವು ಇಂಗ್ಲಿಷ್ ಮಾಡಿಕೊಳ್ಳುತ್ತೇವೆ ಅಂತಾನೂ ಒಪ್ಪಿದ್ದಾರೆ. ವ್ಯಾಟಿಕನ್ ಮಾತು ಹೇಳುವ ಪ್ರಸಂಗ ಬರಲಿಲ್ಲ, ಸ್ವಲ್ಪ ಬೇಜಾರಾಯಿತು.

ಗೋಡೆ ಮೇಲೆ ಇನ್ನೂ ಬ್ಲೌಸಿನ ಅಳತೆಯ ಚಿತ್ರಗಳಿವೆ. ಎರಡು ತುಳಿಯುವ ಮಿಷನ್ ಮೂಲೆಯಲ್ಲಿವೆ, ಮುಟ್ಟಬಾರದು ಅಂದಿದ್ದಾರೆ. ಮೊದಲ ದಿನವೇ ಒಬ್ಬ ತುಳಿದ.

ಹೊಸ ತಲೆನೋವು ಒಂದೇ. ಶಾಲೆಯೊಳಗೆ ಬೆಂಕಿ ಹಾಕುವ ಹಾಗಿಲ್ಲ. ಫೈಬರ್ ತಮಟೆ ಕೊಡಿಸುತ್ತೇವೆ ಅಂತಾರೆ, ಅದನ್ನು ಕಾಯಿಸಬೇಕಿಲ್ಲ. ಆದರೆ ಹುಡುಗರು ಒಂದು ಸಲ ಬಾರಿಸಿ ನೋಡಿ, "ಅಣ್ಣ, ಇದು ಬಕೆಟ್" ಅಂದರು.

ಪರದೆ ಹಿಂದಿನವಳು

ಬಕೆಟ್ಟೇ ಅದು. ತಗೊಳ್ಳಬೇಡಿ. ಗೇಟಿನ ಹೊರಗೆ ಕಾಯಿಸಿಕೊಂಡು ಒಳಗೆ ಓಡಿ. ಬಟ್ಟೆಯಲ್ಲಿ ಸುತ್ತಿಟ್ಟರೆ ಕಾವು ಸ್ವಲ್ಪ ಹೊತ್ತು ನಿಲ್ಲುತ್ತದೆ.

ಬ್ಯಾಂಡ್ ಮಾಸ್ಟರ್ ಮಗ

ಫೈಬರ್ ತಗೊಂಡರೂ ಚರ್ಮದ್ದು ಮಾರಬೇಡಿ. ಅದು ನಿಮ್ಮದು, ಯಾರ ಬೀರುವಿಗೂ ಹೋಗಲ್ಲ.

ಲೆಕ್ಕದವನು

ಮೂವತ್ತು ರೂಪಾಯಿಗೂ ಒಂದು ನೋಟ್‌ಬುಕ್ ಇಡಿ.

ಮೂರನೇ ಕ್ರಾಸ್ ಅಕ್ಕ

ಗೇಟಿನ ಎದುರು ನಮ್ಮ ಅತ್ತೆ ಮನೆ. ಅವರ ಹಿತ್ತಲಲ್ಲಿ ನೀರು ಕಾಯಿಸೋ ಒಲೆ ಇದೆ, ಆರು ಗಂಟೆಗೆ ಹೇಗೂ ಉರಿ ಇರುತ್ತದೆ. ಕೇಳಿದ್ದೇನೆ, ಒಪ್ಪಿದ್ದಾರೆ. ರಟ್ಟು ನೀವೇ ತರಬೇಕು. ಬುಧವಾರ ಬನ್ನಿ.